ಭಾವ ಎಸೆದ್ರೆ ಹದಿನೈದರ ಕೆಳಗೆ ಬೀಳೋದೇ ಇಲ್ಲ!

ಪ್ರಶ್ನೆ: ನಮ್ದು ಚಿಕ್ಕಮಗಳೂರು. ಮಳೆಗಾಲದಲ್ಲಿ ಭಾನುವಾರ ಹೊರಗೆ ಕಾಲಿಡೋ ಹಾಗಿಲ್ಲ ಅಂತ ಐದು ಜನ ನಮ್ಮ ಮನೆ ಮಹಡಿ ಮೇಲೆ ಕೂತು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡ್ತೀವಿ. ಒಬ್ಬೊಬ್ರು ಒಂದೊಂದು ಪಾತ್ರ ಆಗಿ, ಇಪ್ಪತ್ತು ಮುಖದ ದಾಳ ಎಸೆದು ಕಥೆ ಮುಂದುವರಿಸೋ ಆಟ, ದೊಡ್ಡ ನಂಬರ್ ಬಿದ್ರೆ ಒಳ್ಳೇದು. ನಾನು ಡಿಎಂ, ಅಂದ್ರೆ ಕಥೆ ನಡೆಸೋನು. ನಮ್ಮ ಅಕ್ಕನ ಗಂಡ, ಭಾವ, ಆಟದಲ್ಲಿ ಮೂರನೇ ಲೆವೆಲ್ ವಿಝರ್ಡ್, ಅಂದ್ರೆ ಮಂತ್ರವಾದಿ. ಅವ್ರು ಸ್ವಂತ ಮೆಟಲ್ ದಾಳ ತಂದು ಬೋಂಡಾ ತಟ್ಟೆ ಹಿಂದೆ ಎಸೀತಾರೆ, ನಾವು ಬಗ್ಗಿ ನೋಡೋ ಅಷ್ಟರಲ್ಲಿ ಎತ್ಕೊಂಡು ‘ಹದಿನೆಂಟು!’ ಅಂತಾರೆ. ಹೋದ ವಾರ ಎಂಟು ಸಲ ಎಸೆದ್ರು, ಒಂದೂ ಹದಿನೈದಕ್ಕಿಂತ ಕಮ್ಮಿ ಇಲ್ಲ. ಸ್ಪೆಲ್, ಅಂದ್ರೆ ಮಂತ್ರ, ಎಷ್ಟು ಹಾಕಿದ್ರೂ ಮುಗಿಯಲ್ಲ. ಹುಡುಗ್ರು ಹಿಂದಿನಿಂದ ಶಕುನಿ ಅಂತಾರೆ, ಒಬ್ಬ ಬರೋದೇ ಬಿಟ್ಟ. ಮುಖಕ್ಕೆ ಹೇಳಿದ್ರೆ ಸಂಜೆ ಅಕ್ಕನ ಫೋನ್ ಬರುತ್ತೆ. ಏನ್ ಮಾಡ್ಲಿ?

ಉತ್ತರ: ಮೊದ್ಲು ಆ ಹೆಸರು ನಿಲ್ಲಿಸಿ ಮಾರಾಯ್ರೆ, ಶಕುನಿ ಮಾವ, ಇವ್ರು ಭಾವ, ಸಂಬಂಧಾನೇ ತಪ್ಪು.

ಲೆಕ್ಕ ನೋಡಿದ್ರೆ ನಿಮ್ಮ ಅನುಮಾನ ಸುಳ್ಳಲ್ಲ. ಇಪ್ಪತ್ತು ಮುಖದ ದಾಳದಲ್ಲಿ 15 ಅಥವಾ ಅದಕ್ಕಿಂತ ಜಾಸ್ತಿ ಬೀಳೋದು ನೂರಕ್ಕೆ 30 ಸಲ, ಎಂಟಕ್ಕೆ ಎಂಟೂ ಹಾಗೇ ಬೀಳೋದು ಸುಮಾರು 15 ಸಾವಿರಕ್ಕೆ ಒಂದು ಸಲ. ಆದ್ರೂ ಕಳ್ಳ ಅನ್ನೋ ಮುಂಚೆ ಆ ದಾಳ ಒಂದ್ಸಲ ಕೈಗೆ ಇಸ್ಕೊಳ್ಳಿ, ‘ಭಾವ ಎಷ್ಟ್ ಚೆನ್ನಾಗಿದೆ, ಎಲ್ಲಿ ತಗೊಂಡ್ರಿ’ ಅಂತ ಕೇಳಿ ನೋಡಿ. ಮಾಮೂಲಿ ದಾಳದಲ್ಲಿ 20ರ ಅಕ್ಕಪಕ್ಕ 2, 8, 14 ಇರುತ್ತೆ, ಎದುರು ಬದಿ ಮುಖ ಕೂಡಿದ್ರೆ ಯಾವಾಗ್ಲೂ 21. ಬದ್ಲಿಗೆ 20ರ ಪಕ್ಕ 19, ಅದರ ಪಕ್ಕ 18 ಅಂತ ಸಾಲಾಗಿ ಇದ್ರೆ ಅದು ಸ್ಪಿನ್‌ಡೌನ್, ಕಾರ್ಡ್ ಆಟದವ್ರು ಲೈಫ್ ಲೆಕ್ಕ ಇಡೋಕೆ ಬಳಸೋದು, ದೊಡ್ಡ ನಂಬರೆಲ್ಲ ಒಂದೇ ಕಡೆ ಗುಂಪಾಗಿರೋದ್ರಿಂದ ಕೈ ಪಳಗಿದವ್ರು ಮೆಲ್ಲಗೆ ಉರುಳಿಸಿ ಬೇಕಾದ ಕಡೆಗೆ ಬೀಳಿಸ್ಬಹುದು, ಪಾಪ ಭಾವಂಗೆ ಗೊತ್ತಿಲ್ದೇನೂ ಕೊಂಡಿರ್ಬಹುದು. ಉಪ್ಪು ನೀರಲ್ಲಿ ತೇಲಿಸಿ ಪರೀಕ್ಷೆ ಮಾಡೋದು ಪ್ಲಾಸ್ಟಿಕ್ ದಾಳಕ್ಕೆ ಮಾತ್ರ, ಮೆಟಲ್ ಮುಳುಗುತ್ತೆ.

ಸ್ಪೆಲ್ ವಿಷ್ಯದಲ್ಲಂತೂ ಅರ್ಧ ತಪ್ಪು ನಿಮ್ದೂ ಇರ್ಬಹುದು. ಐದನೇ ಎಡಿಶನ್‌ನಲ್ಲಿ ಮೂರನೇ ಲೆವೆಲ್ ವಿಝರ್ಡ್‌ಗೆ ಮೊದಲನೇ ಲೆವೆಲ್ ಸ್ಲಾಟ್ (ಒಂದು ಸ್ಲಾಟ್ ಅಂದ್ರೆ ಒಂದು ಸ್ಪೆಲ್ ಹಾಕೋ ಅವಕಾಶ) ನಾಲ್ಕು, ಎರಡನೇದು ಎರಡು, ಆಟದ ದಿನಕ್ಕೊಮ್ಮೆ ಶಾರ್ಟ್ ರೆಸ್ಟ್, ಅಂದ್ರೆ ಪಾತ್ರದ ಸಣ್ಣ ವಿಶ್ರಾಂತಿ, ಆದ್ಮೇಲೆ ಸ್ವಲ್ಪ ವಾಪಸ್ ಬರುತ್ತೆ. ಫೈರ್ ಬೋಲ್ಟ್ ತರದ ಕ್ಯಾಂಟ್ರಿಪ್, ಅಂದ್ರೆ ಸ್ಲಾಟ್ ಬೇಡದ ಚಿಕ್ಕ ಸ್ಪೆಲ್, ಎಷ್ಟು ಸಲ ಹಾಕಿದ್ರೂ ಲೆಕ್ಕಕ್ಕಿಲ್ಲ. ಅವ್ರಿಗೆ ಆರು ಕಾಫಿ ಬೀಜ ಕೊಡಿ, ಒಂದು ಸ್ಲಾಟ್ ಮುಗಿದ್ರೆ ಒಂದು ಬೀಜ ಮಧ್ಯಕ್ಕೆ. ನಿಮ್ಮೂರಲ್ಲಿ ಅದಕ್ಕೇನು ಬರಗಾಲ!

ಇನ್ನು ದಾಳ. ಚೌಕಾಬಾರ ಆಡುವಾಗ ಯಾರಾದ್ರೂ ಮನೆಯಿಂದ ಸ್ವಂತ ಕವಡೆ ತರ್ತಾರಾ? ಎಲ್ರಿಗೂ ಅದೇ ನಾಲ್ಕು, ಎಲ್ರ ಕಣ್ಮುಂದೆ ಬೀಳ್ಬೇಕು. ಅದೇ ತರ ಒಂದೇ ಸೆಟ್ ದಾಳ ಇಡಿ, ಮಧ್ಯದಲ್ಲಿ ಅಡಿಕೆ ಹಾಳೆ ತಟ್ಟೆ ಇಡಿ, ತಟ್ಟೆ ಹೊರಗೆ ಬಿದ್ದದ್ದು ಎಣಿಸಲ್ಲ, ಬಿದ್ದ ದಾಳ ಪಕ್ಕದವ್ರು ಓದಿ ಹೇಳ್ಬೇಕು. ಭಾವನಿಗೆ ಮಾತ್ರ ಅಂತ ಹೇಳ್ಬೇಡಿ, ನೀವೂ ಡಿಎಂ ಸ್ಕ್ರೀನ್, ಅಂದ್ರೆ ಮುಂದೆ ಇಟ್ಕೊಳ್ಳೋ ಅಡ್ಡ ಪರದೆ, ಹಿಂದೆ ಎಸೆಯೋದು ಬಿಟ್ಟು ಅಲ್ಲೇ ಎಸೀರಿ. ಡಿಎಂ ಆಗಿ ನೀವು ಒಂದ್ಸಲಾನೂ ನಂಬರ್ ಬದಲಾಯಿಸಿಲ್ಲ ಅಂದ್ರೆ ನಾನು ನಂಬಲ್ಲ ಬಿಡಿ.

ತಟ್ಟೆ ಇಟ್ಟ ಮೇಲೂ ಕೈ ಚಳಕ ನಡೀತಿದ್ರೆ ಆಗ ಮಾತಾಡಿ, ಒಬ್ರೇ ಇದ್ದಾಗ, ಬೈಕ್ ವರೆಗೆ ಬಿಟ್ಟು ಬರೋ ನೆಪದಲ್ಲಿ. ‘ನೀವು ಸುಳ್ಳು ಹೇಳ್ತೀರಾ’ ಅನ್ಬೇಡಿ, ‘ಭಾವ, ಯಾವಾಗ್ಲೂ ನೀವೇ ಹೊಡೆದ್ರೆ ಉಳಿದವ್ರಿಗೆ ಕೆಲ್ಸಾನೇ ಇಲ್ಲ, ಒಬ್ಬ ಬರೋದೇ ಬಿಟ್ಟ’ ಅನ್ನಿ, ಅದು ನಿಜಾನೂ ಹೌದು. ಜೊತೆಗೆ ಹಿಟ್ ಪಾಯಿಂಟ್, ಅಂದ್ರೆ ಪಾತ್ರದ ಜೀವದ ಲೆಕ್ಕ, ಸೊನ್ನೆ ಆದ್ರೂ ಸಾಮಾನ್ಯವಾಗಿ ಸತ್ತ ಹಾಗಲ್ಲ ಅಂತ ತಿಳಿಸಿ, ಆಗ ದಾಳ ಎಸೆದು 10 ಅಥವಾ ಮೇಲೆ ಮೂರು ಸಲ ಬಿದ್ರೆ ಬದುಕಿ ಉಳೀತಾರೆ, ಮೂರು ಸಲ ತಪ್ಪಿದ್ರೆ ಹೋಗೋದು. ತಿಂಗಳುಗಟ್ಲೆ ಬೆಳೆಸಿದ ಪಾತ್ರ ಒಂದೇ ಏಟಿಗೆ ಹೋಗುತ್ತೆ ಅನ್ನೋ ಭಯಕ್ಕೇ ದಾಳ ಮುಚ್ಚಿಡೋರು ತುಂಬಾ ಜನ.

ಅಕ್ಕನಿಗೆ ಮಾತ್ರ ನೀವಾಗಿ ಹೇಳ್ಬೇಡಿ. ಕೇಳಿದ್ರೆ ‘ತಟ್ಟೆ ಇಟ್ಟಿದೀವಿ ಅಕ್ಕ, ಎಲ್ರಿಗೂ’ ಅನ್ನಿ ಸಾಕು. ಬಿಟ್ಟು ಹೋದ ಹುಡುಗನಿಗೂ ಈ ವಾರವೇ ಒಂದು ಫೋನ್ ಮಾಡಿ.