ರಾಣಿಯರು ಇಪ್ಪತ್ಮೂರು, ರಾಜ್ಯಭಾರ ಎಲ್ಲಿ?

ನಮಸ್ಕಾರ,

ನಿಮ್ಮ ‘ಸಿಂಹಾಸನವೇರಿದ ಸಿಂಹಿಣಿಯರು’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ನೀವು ಈ ಪತ್ರದ ಉದ್ದಕ್ಕೂ ಅದನ್ನೇ ಹುಡುಕುತ್ತಿರುತ್ತೀರಿ.

‘ವಿಷಾದದೊಂದಿಗೆ ಹಿಂತಿರುಗಿಸಿದೆ’ ಅಂತ ಒಂದು ಸಾಲು ಬರೆದು ಸುಮ್ಮನಾಗಬಹುದಿತ್ತು. ಮನಸ್ಸು ಒಪ್ಪಲಿಲ್ಲ. ಅದಕ್ಕೆ ಕಾರಣ ನಿಮ್ಮ ಏಳನೇ ಪುಟ. ಅಲ್ಲಿಗೆ ಆಮೇಲೆ ಬರುತ್ತೇನೆ.

ಒಂಬತ್ತು ಪುಟದಲ್ಲಿ ಇಪ್ಪತ್ಮೂರು ಹೆಂಗಸರು. ಈಜಿಪ್ಟಿನ ಹಟ್‌ಶೆಪ್ಸುಟ್‌ನಿಂದ ಹಿಡಿದು ಐಸ್‌ಲ್ಯಾಂಡಿನ ಅಧ್ಯಕ್ಷೆ ವಿಗ್ದಿಸ್ ತನಕ. ನಾನೊಂದು ಕೆಲಸ ಮಾಡಿದೆ. ರಜಿಯಾ ಸುಲ್ತಾನಳ ಪ್ಯಾರಾದಲ್ಲಿ ಆಕೆಯ ಹೆಸರು ಹೊಡೆದು, ಆಫ್ರಿಕಾದ ಎನ್‌ಜಿಂಗಾಳ ಹೆಸರು ಬರೆದೆ. ದೆಹಲಿ ಇದ್ದಲ್ಲಿ ಆಕೆಯ ರಾಜ್ಯ ಮತಾಂಬಾ ಅಂತ ಹಾಕಿದೆ. ಅಷ್ಟೇ, ಪ್ಯಾರಾ ಹಾಗೇ ನಿಂತುಕೊಂಡಿತು! ಚಿಕ್ಕಂದಿನಲ್ಲೇ ಚುರುಕು, ಕುದುರೆ ಸವಾರಿಯಲ್ಲಿ ಎತ್ತಿದ ಕೈ, ಹೆಣ್ಣಾದರೂ ಗಂಡೆದೆ, ಕೊನೆಗೆ ನಂಬಿದವರಿಂದಲೇ ದ್ರೋಹ. ಇಬ್ಬರ ನಡುವೆ ನಾನೂರು ವರ್ಷದ ಅಂತರ ಇದೆ, ಖಂಡವೇ ಬೇರೆ. ಅಚ್ಚು ಮಾತ್ರ ಒಂದೇ. ಆ ಅಚ್ಚಿಗೆ ಕೂರಿಸಲು ಹೋಗಿ ನೀವು ಎನ್‌ಜಿಂಗಾಳನ್ನೂ ದ್ರೋಹಕ್ಕೆ ಬಲಿ ಕೊಟ್ಟಿದ್ದೀರಿ. ಆಕೆ ಸತ್ತದ್ದು 1663ರಲ್ಲಿ, ಎಂಬತ್ತರ ಆಸುಪಾಸಿನ ಮುದುಕಿಯಾಗಿ, ಪಟ್ಟದಲ್ಲಿ ಇದ್ದುಕೊಂಡೇ. ಸೋದರನ ಪರವಾಗಿ ಸಂಧಾನಕ್ಕೆ ಲುವಾಂಡಾಕ್ಕೆ ಹೋದಾಗ ಪೋರ್ಚುಗೀಸ್ ಗವರ್ನರ್ ಕುರ್ಚಿ ಕೊಡಲಿಲ್ಲ, ಆಕೆ ಪರಿವಾರದವರೊಬ್ಬರ ಬೆನ್ನ ಮೇಲೆ ಕೂತೇ ಮಾತು ಮುಗಿಸಿದಳು ಎಂಬ ಪ್ರಸಿದ್ಧ ಕತೆಯಿದೆ. ಕುರ್ಚಿಯ ಬಗ್ಗೆಯೇ ಇರುವ ಆ ಕತೆಯನ್ನು ಬಿಟ್ಟು ಕುದುರೆ ಸವಾರಿ ಹಾಕಿದ್ದೀರಲ್ಲ!

‘ಗಂಡೆದೆ’ ಹದಿನಾಲ್ಕು ಸಲ ಬಂದಿದೆ, ಎಣಿಸಿದೆ. ಹೊಗಳಿಕೆ ಅಂತಲೇ ಬಳಸಿದ್ದೀರಿ, ಗೊತ್ತು. ಆದರೆ ಎದೆಗಾರಿಕೆ ಗಂಡಸಿನ ಸ್ವತ್ತು, ಇವರು ಅದನ್ನು ಕಡ ತಂದಿದ್ದರು ಅಂತ ಆಗಲಿಲ್ವಾ? ರಜಿಯಾಳ ಕಾಲದಲ್ಲೇ ಇದ್ದ ಇತಿಹಾಸಕಾರ ಮಿನ್ಹಾಜ್ ಆಕೆಯ ಬಗ್ಗೆ ಬರೆದಿದ್ದಾನೆ. ರಾಜನಿಗೆ ಬೇಕಾದ ಗುಣಗಳೆಲ್ಲ ಇದ್ದವು, ಆದರೆ ಗಂಡಾಗಿ ಹುಟ್ಟಲಿಲ್ಲವಲ್ಲ, ಅವುಗಳಿಂದ ಏನು ಬಂತು, ಎಂಬರ್ಥದ ಮಾತು. ಸುಮಾರು ಎಂಟುನೂರು ವರ್ಷ ಹಳೆಯ ಆ ಮಾತನ್ನೇ ನೀವು ಮಗ್ಗುಲು ಬದಲಿಸಿ, ಹಾರ ಹಾಕಿ ತಂದಿದ್ದೀರಿ.

ಇನ್ನೊಂದು ಸಣ್ಣ ವಿಷಯ, ನನಗೆ ಸಣ್ಣದಾಗಿ ಕಾಣಲಿಲ್ಲ. ಒಂದೇ ವಾಕ್ಯದಲ್ಲಿ ಇಲ್ತುತ್‌ಮಿಶ್ ‘ಆಳಿದರು’, ಮಗಳು ರಜಿಯಾ ‘ಆಳಿದಳು’. ಇಬ್ಬರಿಗೂ ಬಹುವಚನ ಕೊಡಿ, ಇಲ್ಲವೇ ಇಬ್ಬರನ್ನೂ ಏಕವಚನದಲ್ಲಿ ಬರೆಯಿರಿ. ನಾನು ಹಳೆಯ ಕಾಲದವರಿಗೆಲ್ಲ ಏಕವಚನವೇ ಇಡುತ್ತೇನೆ, ಗಂಡಾಗಲಿ ಹೆಣ್ಣಾಗಲಿ.

ರಜಿಯಾಳ ಪ್ಯಾರಾದ ಅರ್ಧ ಭಾಗ ಯಾಕೂತನ ಜೊತೆಗಿನ ಪ್ರೇಮಕ್ಕೆ ಹೋಗಿದೆ. ಆ ಪ್ರೇಮದ ಬಣ್ಣ ಗಾಢವಾಗಿದ್ದು ನಂತರದವರ ಬರಹಗಳಲ್ಲಿ. ನಿಮ್ಮ ಕೈಯಲ್ಲೇ ಇದ್ದ ಗಟ್ಟಿ ಸಂಗತಿ ಬೇರೆ. ಯಾಕೂತ್ ಅಬಿಸೀನಿಯಾದವನು, ಅಂದರೆ ಇಂದಿನ ಇಥಿಯೋಪಿಯಾ ಕಡೆಯವನು. ಆತನನ್ನು ಆಕೆ ರಾಜಲಾಯದ ಮುಖ್ಯಾಧಿಕಾರಿಯಾಗಿ ನೇಮಿಸಿದಳು. ದೊಡ್ಡ ಹುದ್ದೆಗಳೆಲ್ಲ ತಮ್ಮವೇ ಅಂದುಕೊಂಡಿದ್ದ ತುರ್ಕಿ ಸರದಾರರಿಗೆ ಇದು ನುಂಗಲಾರದ ತುತ್ತಾಯಿತು. ಇದು ನೇಮಕಾತಿಯ ಜಗಳ. ರಾಜಕೀಯ. 1236ರಲ್ಲಿ ಸರದಾರರು ಮೊದಲು ಪಟ್ಟ ಕಟ್ಟಿದ್ದು ಆಕೆಯ ಅಣ್ಣತಮ್ಮಂದಿರಲ್ಲಿ ಒಬ್ಬನಿಗೆ. ಅವನು ಏಳು ತಿಂಗಳೂ ಬಾಳಲಿಲ್ಲ. ದೆಹಲಿಯ ಜನರ ಬೆಂಬಲದಿಂದ ಆಕೆ ಮೇಲೆ ಬಂದಳು. ಪರದೆ ಬಿಟ್ಟು, ನಿಲುವಂಗಿ ತೊಟ್ಟು, ಟೊಪ್ಪಿಗೆ ಇಟ್ಟು, ಆನೆಯ ಮೇಲೆ ಜನರ ಕಣ್ಣೆದುರು ಹೊರಟಳು. 1240ರಲ್ಲಿ ಎಲ್ಲ ಮುಗಿಯಿತು. ಯಾರ ಬಲದಿಂದ ಕುರ್ಚಿ ಬಂತು, ಯಾರನ್ನು ಎದುರು ಹಾಕಿಕೊಂಡಿದ್ದಕ್ಕೆ ಹೋಯಿತು? ಇದನ್ನು ಬರೆದಿದ್ದರೆ ಪ್ರೇಮಕತೆಯ ಹಂಗು ಬೇಕಿರಲಿಲ್ಲ.

ಕ್ಲಿಯೋಪಾತ್ರಳದೂ ಇದೇ ಪಾಡು. ‘ಅಪ್ರತಿಮ ಸುಂದರಿ’ ಅಂತ ಶುರು, ಹಾವಿನಿಂದ ಮುಕ್ತಾಯ. ಆಕೆಯ ಚೆಲುವು ಹೋಲಿಕೆಯೇ ಇಲ್ಲದಂಥದ್ದೇನಲ್ಲ, ಸೆಳೆತ ಇದ್ದದ್ದು ಮಾತಿನಲ್ಲಿ ಎಂದು ಪ್ರಾಚೀನ ಗ್ರೀಕ್ ಲೇಖಕ ಪ್ಲುಟಾರ್ಕನೇ ಬರೆದಿದ್ದಾನೆ. ಆಕೆಯ ವಂಶದವರು ಗ್ರೀಕರು. ಇನ್ನೂರೈವತ್ತು ವರ್ಷ ಈಜಿಪ್ಟ್ ಆಳಿದರೂ ಅಲ್ಲಿನ ಜನರ ಭಾಷೆ ಕಲಿಯುವ ಗೋಜಿಗೆ ಹೋಗಲಿಲ್ಲ. ಕಲಿತದ್ದು ಈಕೆ. ಆಳುವವರಿಗೆ ಅದು ಎಂಥಾ ದೊಡ್ಡ ಹತಾರ ಅಂತ ಒಂದು ಗಳಿಗೆ ಯೋಚಿಸಿ ನೋಡಿ.

ತಪ್ಪುಗಳು. ವಿಶ್ವದ ಮೊದಲ ಮಹಿಳಾ ಪ್ರಧಾನಿ ಇಂದಿರಾ ಗಾಂಧಿ ಅಲ್ಲ, ಸಿಲೋನಿನ (ಇಂದಿನ ಶ್ರೀಲಂಕಾ) ಸಿರಿಮಾವೊ ಬಂಡಾರನಾಯಕೆ, 1960ರ ಜುಲೈ. ಇಂದಿರಾ ಬಂದದ್ದು 1966ರಲ್ಲಿ. ‘ಮೊದಲ ಮಹಿಳಾ ಅಧ್ಯಕ್ಷೆ’ ಅಂತ ವಿಗ್ದಿಸ್ ಹೆಸರು ಬರೆದಿದ್ದೀರಿ. ‘ಜನರೇ ಆರಿಸಿದ’ ಅಂತ ಸೇರಿಸದಿದ್ದರೆ ಅದೂ ತಪ್ಪು. ಅರ್ಜೆಂಟೀನಾದಲ್ಲಿ ಇಸಾಬೆಲ್ ಪೆರೋನ್ 1974ರಲ್ಲೇ ಅಧ್ಯಕ್ಷೆಯಾಗಿದ್ದರು. ಗಂಡ ಅಧ್ಯಕ್ಷ, ಇವರು ಉಪಾಧ್ಯಕ್ಷೆ. ಗಂಡ ತೀರಿಕೊಂಡರು, ಕುರ್ಚಿ ಇವರಿಗೆ ಬಂತು. ವಿಗ್ದಿಸ್ 1980ರಲ್ಲಿ ಮೂವರು ಗಂಡಸರ ಎದುರು ನಿಂತು ಗೆದ್ದವರು. ‘ಮೊದಲ’ ಎಂಬ ಪದ ಕಂಡಲ್ಲೆಲ್ಲ ‘ಯಾವುದರಲ್ಲಿ ಮೊದಲ?’ ಅಂತ ನಿಮ್ಮನ್ನೇ ಕೇಳಿಕೊಳ್ಳಿ.

‘ಕಾಲ ಕಳೆದಂತೆ ಬಾಗಿಲುಗಳು ಒಂದೊಂದಾಗಿ ತೆರೆದುಕೊಂಡವು’ ಅಂದಿದ್ದೀರಿ. ಓದಲು ಚೆಂದ. ಜಪಾನಿನಲ್ಲಿ ಆದದ್ದು ತಿರುಗಾಮುರುಗಾ. 592ರಲ್ಲಿ ಪಟ್ಟಕ್ಕೆ ಬಂದ ಸುಯಿಕೊಳಿಂದ ಶುರುವಾಗಿ ಹದಿನೆಂಟನೇ ಶತಮಾನದ ತನಕ ಎಂಟು ಮಂದಿ ಹೆಂಗಸರು ಅಲ್ಲಿ ಸಾಮ್ರಾಟರಾಗಿದ್ದರು. ಕಾನೂನು ಮಾಡಿ ಬಾಗಿಲು ಹಾಕಿದ್ದು 1889ರಲ್ಲಿ, ದೇಶ ಆಧುನಿಕವಾಗಲು ಹೊರಟಾಗ. ನ್ಯೂಜಿಲೆಂಡ್ ಹೆಂಗಸರು 1893ರಲ್ಲಿ ಸಂಸತ್ತು ಸೇರಿದರು ಎಂಬುದೂ ಸರಿಯಲ್ಲ. ಆ ವರ್ಷ ಸಿಕ್ಕಿದ್ದು ಮತ ಹಾಕುವ ಹಕ್ಕು ಮಾತ್ರ. ಚುನಾವಣೆಗೆ ನಿಲ್ಲುವ ಹಕ್ಕು 1919ರಲ್ಲಿ, ಮೊದಲ ಸಂಸದೆ ಗೆದ್ದದ್ದು 1933ರಲ್ಲಿ. ಮೊದಲ ಇಪ್ಪತ್ತಾರು ವರ್ಷ ಮತ ಕೊಡಬಹುದು, ಪಡೆಯುವ ಹಾಗಿಲ್ಲ. ಮತದ ಹಕ್ಕಿನಿಂದ ಮೊದಲ ಗೆಲುವಿನ ತನಕದ ನಲವತ್ತು ವರ್ಷ ನಿಮ್ಮ ವಾಕ್ಯದಲ್ಲಿ ಕಾಣೆಯಾಗಿದೆ.

ಸಿರಿಮಾವೊ ಬಗ್ಗೆ ನೀವು ಬರೆದ ಆರು ಸಾಲಿನಲ್ಲಿ ನಾಲ್ಕು ಸಾಲು ಕಣ್ಣೀರು. ಗಂಡ 1959ರಲ್ಲಿ ಕೊಲೆಯಾದದ್ದು ನಿಜ, ಆ ದುಃಖವನ್ನು ಪಕ್ಷ ಪ್ರಚಾರಕ್ಕೆ ಬಳಸಿಕೊಂಡದ್ದೂ ನಿಜ. ಸರಿ, ಕುರ್ಚಿಯಲ್ಲಿ ಕೂತ ಮೇಲೆ ಏನು ಮಾಡಿದರು? 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿ ಜೊತೆ ಒಪ್ಪಂದಕ್ಕೆ ಸಹಿ ಹಾಕಿದರು. ಸಿಲೋನಿನ ಬೆಟ್ಟದ ತೋಟಗಳಲ್ಲಿ ದುಡಿಯುತ್ತಿದ್ದ ಭಾರತ ಮೂಲದ 9,75,000 ಜನರ ಹಣೆಬರಹ ಅದರಲ್ಲಿತ್ತು. 5,25,000 ಜನ ಭಾರತಕ್ಕೆ, 3,00,000 ಜನ ಸಿಲೋನಿಗೆ, ಉಳಿದವರದ್ದು ಆಮೇಲೆ ನೋಡೋಣ ಅಂತ. ಒಂದು ಕಾಗದ, ಎರಡು ಸಹಿ, ಎಷ್ಟು ಮನೆಗಳು! ಅಧಿಕಾರ ಅಂದರೆ ಇದು. ನಿಮ್ಮ ಲೇಖನದಲ್ಲಿ ಇಪ್ಪತ್ಮೂರು ಜನರಿದ್ದಾರೆ, ಅವರು ತೆಗೆದುಕೊಂಡ ಒಂದೇ ಒಂದು ತೀರ್ಮಾನ ಇಲ್ಲ.

ತೀರ್ಮಾನ ಅಂದಮೇಲೆ ಕೆಟ್ಟವೂ ಬರಬೇಕು. ಇಂದಿರಾ ಗಾಂಧಿ ಪ್ಯಾರಾ 1971ರ ಯುದ್ಧದಿಂದ ನೇರ 1984ಕ್ಕೆ ಜಿಗಿದಿದೆ. 1975ರ ತುರ್ತು ಪರಿಸ್ಥಿತಿ ಎಲ್ಲಿ ಹೋಯಿತು? ಅತ್ತ ಚೀನಾದ ವೂ ಜೆಟಿಯನ್‌ಳನ್ನು ‘ರಕ್ತಪಿಪಾಸು’ ಅಂತ ಎರಡೇ ಸಾಲಿನಲ್ಲಿ ಮುಗಿಸಿದ್ದೀರಿ. ಚಾಡಿಕೋರರನ್ನು ಸಾಕಿದವಳೂ ಆಕೆಯೇ, ಪರೀಕ್ಷೆ ಬರೆದು ಸರ್ಕಾರಿ ಕೆಲಸಕ್ಕೆ ಬರುವ ದಾರಿಯನ್ನು ಅಗಲ ಮಾಡಿದವಳೂ ಆಕೆಯೇ. ಒಬ್ಬರಿಗೆ ಆರತಿ, ಇನ್ನೊಬ್ಬರಿಗೆ ಚಪ್ಪಲಿ. ಎರಡರಲ್ಲೂ ಆಳ್ವಿಕೆ ಕಾಣಿಸುವುದಿಲ್ಲ.

ಈಗ ಏಳನೇ ಪುಟ. ಹಟ್‌ಶೆಪ್ಸುಟ್ ಪ್ಯಾರಾದ ಕೊನೆಯಲ್ಲಿ, ಏನೋ ನೆನಪಾದವರ ಹಾಗೆ, ಒಂದು ಸಾಲು ಬರೆದಿದ್ದೀರಿ: ‘ಇವರಲ್ಲಿ ಕೆಲವರಿಗೆ ರಾಣಿ ಎಂಬ ಬಿರುದೇ ಇರಲಿಲ್ಲ, ರಾಜ ಎಂದೇ ಕರೆಯುತ್ತಿದ್ದರು.’ ನಾಲ್ಕು ಹೆಸರು ಕೊಟ್ಟು ಮುಂದಕ್ಕೆ ಓಡಿದ್ದೀರಿ. ಅಲ್ಲಿ ನಾನು ಪೆನ್ನು ಕೆಳಗಿಟ್ಟೆ.

ಆ ನಾಲ್ವರನ್ನು ಅಕ್ಕಪಕ್ಕ ಕೂರಿಸಿ ನೋಡಿ. ಹಟ್‌ಶೆಪ್ಸುಟ್ ಮಲಮಗನ ಪರವಾಗಿ ಆಡಳಿತ ನೋಡಿಕೊಳ್ಳಲು ಬಂದು ತಾನೇ ಫೇರೋ ಆದಳು. ಶಿಲ್ಪಗಳಲ್ಲಿ ಕೃತಕ ಗಡ್ಡ ಇದೆ. ಶಾಸನಗಳಲ್ಲಿ ರಾಜನ ಬಿರುದುಗಳ ಜೊತೆಗೇ ಸ್ತ್ರೀಲಿಂಗದ ಪ್ರತ್ಯಯಗಳೂ ಇಣುಕುತ್ತವೆ. ಕಲ್ಲು ಕೆತ್ತುವವನಿಗೂ ವ್ಯಾಕರಣದ ಪೇಚು! (ಆಕೆಯ ಹೆಸರನ್ನು ‘ಸತ್ತ ಕೂಡಲೇ ಸಿಟ್ಟಿನಿಂದ ಅಳಿಸಿದರು’ ಎಂಬುದನ್ನು ತೆಗೆಯಿರಿ. ಅಳಿಸಿದ್ದು ಸುಮಾರು ಇಪ್ಪತ್ತು ವರ್ಷ ಕಳೆದ ಮೇಲೆ. ಅಷ್ಟು ವರ್ಷ ಕಾಯುವ ಸಿಟ್ಟು ಯಾವುದು?) ಜಾರ್ಜಿಯಾದ ತಾಮಾರ್ 1184ರಿಂದ ಆಳಿದಳು, ಬಿರುದು ‘ಮೆಪೆ’, ಅಂದರೆ ದೊರೆ. ಕಾಕತೀಯರ ರುದ್ರಮದೇವಿ ಶಾಸನಗಳಲ್ಲಿ ‘ರುದ್ರದೇವ ಮಹಾರಾಜ’. ಪೋಲೆಂಡಿನ ಯಾದ್ವಿಗಾಳಿಗೆ 1384ರಲ್ಲಿ ಕಿರೀಟ ಇಟ್ಟಾಗ ಆಕೆಗೆ ಹತ್ತೋ ಹನ್ನೊಂದೋ ವರ್ಷ. ಆ ಹುಡುಗಿಗೆ ಲ್ಯಾಟಿನ್ನಿನಲ್ಲಿ ‘ರೆಕ್ಸ್’, ಅಂದರೆ ರಾಜ, ಅಂತಲೇ ಪಟ್ಟ ಕಟ್ಟಿದರು. ರಾಣಿ ಅಂದುಬಿಟ್ಟರೆ ನಾಳೆ ಬರುವ ಗಂಡ ತಾನೇ ರಾಜ ಅಂದುಕೊಂಡಾನು!

ನಮ್ಮ ‘ರಾಣಿ’ಯನ್ನೇ ನೋಡಿ. ರಾಜನ ಹೆಂಡತಿಯೂ ರಾಣಿ, ರಾಜ್ಯ ಆಳುವವಳೂ ರಾಣಿ. ನಿಮ್ಮ ಪಟ್ಟಿಗೆ ಫ್ರಾನ್ಸಿನ ಮೇರಿ ಆಂಟೊನೆಟ್ ಬಂದದ್ದು ಈ ಗೊಂದಲದಿಂದಲೇ ಇರಬೇಕು. ಆಕೆ ರಾಜನ ಹೆಂಡತಿ ಅಷ್ಟೇ. ಆ ದೇಶದಲ್ಲಿ ಹೆಣ್ಣಿಗೆ ಪಟ್ಟ ಏರುವ ಹಕ್ಕೇ ಇರಲಿಲ್ಲ. ಇತ್ತೀಚಿನದು ಬೇಕಾದರೆ 2007ಕ್ಕೆ ಬನ್ನಿ. ಪ್ರತಿಭಾ ಪಾಟೀಲ್ ಭಾರತದ ಮೊದಲ ಮಹಿಳಾ ರಾಷ್ಟ್ರಪತಿಯಾದರು. ಪದದೊಳಗಿನ ‘ಪತಿ’ ಅಲ್ಲಾಡಲಿಲ್ಲ. ಕುರ್ಚಿಗೆ ಹೆಂಗಸು ಬಂದಾಗ ಕುರ್ಚಿಯ ಹೆಸರು ಏನಾಗುತ್ತದೆ? ಇದೇ ನಿಮ್ಮ ಲೇಖನ. ಆರು ಪುಟ ಸುತ್ತಾಡಿ ಏಳನೇ ಪುಟದಲ್ಲಿ ನೀವೇ ಅದನ್ನು ಮುಟ್ಟಿದ್ದೀರಿ.

ಹಾಗಾಗಿ ಹತ್ತೊಂಬತ್ತು ಜನರನ್ನು ಬಿಟ್ಟುಬಿಡಿ. ಹೊಟ್ಟೆ ಉರಿಯುತ್ತದೆ, ನನಗೂ ಅನುಭವ ಇದೆ. ಬೇರೆ ಕಡತದಲ್ಲಿ ಎತ್ತಿಡಿ, ರಜಿಯಾ ಒಬ್ಬಳೇ ಮುಂದೊಂದು ಲೇಖನ ಆಗುತ್ತಾಳೆ. ಉಳಿದ ನಾಲ್ವರಲ್ಲಿ ಒಬ್ಬಳಿಂದ ಶುರು ಮಾಡಿ. ನಾನಾಗಿದ್ದರೆ ಯಾದ್ವಿಗಾಳ ಪಟ್ಟಾಭಿಷೇಕದಿಂದ ಶುರು ಮಾಡುತ್ತಿದ್ದೆ, ಆದರೆ ಲೇಖನ ನಿಮ್ಮದು. ‘ಅನಾದಿಕಾಲದಿಂದಲೂ ಸ್ತ್ರೀ’ ಎಂಬ ಮೊದಲ ಪ್ಯಾರಾ ಪೂರ್ತಿ ಹೋಗಲಿ. ‘ತೊಟ್ಟಿಲು ತೂಗುವ ಕೈ’ ಇರುವ ಕೊನೆಯ ಪ್ಯಾರಾ ಕೂಡ.

ಒಂದೂವರೆ ಸಾವಿರ ಪದ ಸಾಕು. ತಿದ್ದಿ ಕಳಿಸಿದರೆ ನಾನೇ ಓದುತ್ತೇನೆ. ಹಟ್‌ಶೆಪ್ಸುಟ್ ಹೆಸರನ್ನು ಮೂರು ಕಡೆ ಮೂರು ತರ ಬರೆದಿದ್ದೀರಿ, ಯಾವುದಾದರೂ ಒಂದನ್ನು ಇಟ್ಟುಕೊಳ್ಳಿ.

ಇಂತಿ,
ಸಂಪಾದಕ