ಮೀಟರಿಲ್ಲದ ಪಂಪಿನ ಯೂನಿಟ್ ಎಷ್ಟು?

ರಾಜಾಜಿನಗರದ ಓದುಗರು: ರಾಜ್ಯದ ಪಂಪ್‌ಸೆಟ್‌ಗಳು ಇಷ್ಟು ಕೋಟಿ ಯೂನಿಟ್ ಬಳಸಿದವು ಅಂತ ಪತ್ರಿಕೆಯಲ್ಲಿ ಬರುತ್ತೆ. ತುಮಕೂರು ಕಡೆ ಇರೋ ನಮ್ಮ ತೋಟದ ಪಂಪಿಗೆ ಮೀಟರೇ ಇಲ್ಲ. ಯಾರು ಸ್ವಾಮಿ ಎಣಿಸಿದ್ದು?

ಯಾರೂ ಎಣಿಸಲಿಲ್ಲ, ಅಂದಾಜು ಮಾಡಿದರು. ಎಸ್ಕಾಂನಲ್ಲಿ, ಅಂದರೆ ವಿದ್ಯುತ್ ಸರಬರಾಜು ಕಂಪನಿಯಲ್ಲಿ, ತಿಂಗಳ ರಿಟರ್ನ್ಸ್ ತುಂಬಿಸುತ್ತಲೇ ನಿವೃತ್ತನಾದವನು ನಾನು. ಐಪಿ ಸೆಟ್ (ನೀರಾವರಿ ಪಂಪು) ಕಾಲಂ ಬಂದಾಗ ಪೆನ್ನು ನಿಧಾನವಾಗುತ್ತಿತ್ತು. 10 ಎಚ್‌ಪಿವರೆಗಿನ ಪಂಪಿಗೆ ಕರೆಂಟು ಉಚಿತ, ನಿಮ್ಮದರಂತೆ ಮೀಟರಿಲ್ಲದವೂ ಇವೆ. ಆದರೆ ಸಬ್‌ಸ್ಟೇಷನ್ನಿನಿಂದ ಹೊರಡುವ 11 ಕೆವಿ ಫೀಡರಿಗೆ, ಅಂದರೆ ಊರಿಗೆ ಕರೆಂಟು ಒಯ್ಯುವ ಲೈನಿಗೆ, ಮೀಟರಿದೆ. ಕೃಷಿಗೆಂದೇ ಬೇರ್ಪಡಿಸಿದ ಫೀಡರಿನ ರೀಡಿಂಗ್‌ನಲ್ಲಿ ಲೈನ್ ಲಾಸ್ (ದಾರಿಯಲ್ಲೇ ನಷ್ಟವಾಗುವ ಕರೆಂಟು) ಕಳೆದು, ಅದರ ಮೇಲಿರುವ ಪಂಪುಗಳಿಗೆ ಹಂಚಿದರೆ ಒಂದು ಪಂಪಿನ ಸರಾಸರಿ ಸಿಕ್ಕಿತು. ಅದನ್ನೇ ಒಟ್ಟು ಪಂಪುಗಳಿಗೆ ಗುಣಿಸುವುದು.

ತೊಡಕಿರುವುದು ಪಂಪುಗಳ ಪಟ್ಟಿಯಲ್ಲಿ. ಬತ್ತಿಹೋದ ಬೋರ್‌ವೆಲ್‌ ಹೆಸರು ಅದರಲ್ಲಿ ಉಳಿದಿದ್ದರೆ ಅದಕ್ಕೂ ಸರಾಸರಿ ಬೀಳುತ್ತದೆ. ಅಕ್ರಮ ಸಂಪರ್ಕ ಪಟ್ಟಿಗೇ ಬರುವುದಿಲ್ಲ. ಲಾಸ್ ಕಡಿಮೆ ತೋರಿಸಬೇಕೆಂಬ ಆಸೆಯಿದ್ದವರು ಪಂಪಿನ ಬಳಕೆ ಹಿಗ್ಗಿಸಿದರಾಯಿತು, ಉಚಿತ ಕರೆಂಟಿಗೆ ಸರ್ಕಾರ ಕೊಡುವ ಸಬ್ಸಿಡಿಯೂ ಹಿಗ್ಗುತ್ತದೆ! ದರ ಪರಿಷ್ಕರಣೆ ವೇಳೆ ವಿದ್ಯುತ್ ನಿಯಂತ್ರಣ ಆಯೋಗ ಈ ಸಾಲನ್ನು ಕೆದಕುವುದು ಅದಕ್ಕೇ. ವಸಂತನಗರದ ಆಯೋಗದ ದರ ಆದೇಶಗಳು ಜಾಲತಾಣದಲ್ಲಿವೆ, ಓದಿ. ಇದೇ ಅಂಕಿ ದಿಲ್ಲಿಯ ಕೇಂದ್ರ ವಿದ್ಯುತ್ ಪ್ರಾಧಿಕಾರಕ್ಕೂ ಹೋಗುತ್ತದೆ. 2003ರ ವಿದ್ಯುತ್ ಕಾಯ್ದೆಯ 74ನೇ ಕಲಂ ಪ್ರಕಾರ ಕೇಳಿದ ಲೆಕ್ಕ ಕೊಡಲೇಬೇಕು. ಅಲ್ಲಿ ಮೀಟರಿನ ಯೂನಿಟ್ಟು, ಅಂದಾಜಿನ ಯೂನಿಟ್ಟು ಎರಡೂ ಒಂದೇ ಮೊತ್ತದಲ್ಲಿ ಕೂತುಬಿಡುತ್ತವೆ.

ಮಲ್ಲೇಶ್ವರದ ಓದುಗರು: ಸರ್ಕಾರದ ಬೇಡಿಕೆ ಮುನ್ನಂದಾಜು ಪಂಚಾಂಗದ ಮಳೆಯಷ್ಟೇ ನಂಬಿಕಸ್ತವೇ?

ಅಷ್ಟು ಕಡೆಗಣಿಸಬೇಡಿ. 2021-22ರಲ್ಲಿ ದೇಶದ ಗರಿಷ್ಠ ಬೇಡಿಕೆ 2.83 ಲಕ್ಷ ಮೆಗಾವ್ಯಾಟ್ ಆದೀತೆಂದು ಕೇಂದ್ರ ವಿದ್ಯುತ್ ಪ್ರಾಧಿಕಾರದ 18ನೇ ಬೇಡಿಕೆ ಸಮೀಕ್ಷೆ ಹೇಳಿತ್ತು. 19ನೆಯದು ಅದನ್ನು 2.26 ಲಕ್ಷಕ್ಕೆ ಇಳಿಸಿತು. ಆದದ್ದು ಸುಮಾರು 2.03 ಲಕ್ಷ. ಎಲ್‌ಇಡಿ ಬಲ್ಬು ಬಂತು, ಕೊರೋನಾ ಬಂತು, ಕೈಗಾರಿಕೆ ಎಣಿಸಿದಷ್ಟು ಬೆಳೆಯಲಿಲ್ಲ. ತಪ್ಪಿದ್ದಕ್ಕಿಂತ ತಪ್ಪಿದ ದಿಕ್ಕು ನನಗೆ ಮುಖ್ಯ: ಅಂದಾಜು ಹೆಚ್ಚಾದರೆ ಸ್ಥಾವರ ಸುಮ್ಮನೆ ನಿಲ್ಲುತ್ತದೆ, ಅದರ ಸ್ಥಿರ ವೆಚ್ಚ ನಿಮ್ಮ ಬಿಲ್ಲಿಗೇ ಬರುತ್ತದೆ. 20ನೇ ಸಮೀಕ್ಷೆ 2026-27ಕ್ಕೆ 2.77 ಲಕ್ಷ ಎಂದಿದೆ. 2024ರ ಮೇ 30ರಂದೇ 2.5 ಲಕ್ಷ ಮುಟ್ಟಿತ್ತು.

ಜಯನಗರದ ಓದುಗರು: ಮಹಡಿ ಮೇಲಿನ ಸೋಲಾರ್ ಹೀಟರ್ ಈ ಲೆಕ್ಕಕ್ಕೆ ಬರುತ್ತದೆಯೇ?

ಯೂನಿಟ್ ಲೆಕ್ಕಕ್ಕೆ ಬರುವುದಿಲ್ಲ. ಬೆಳಗ್ಗೆ ಗೀಸರ್ ಹಾಕುವ ಹೊತ್ತಿನ ಬೇಡಿಕೆ ಅಷ್ಟು ತಗ್ಗುತ್ತದೆ, ಅಷ್ಟೇ. ಮೋಡದ ದಿನ ಮಾತ್ರ ನೀವೂ ಗೀಸರ್ ಒತ್ತುತ್ತೀರಿ. ಆಗ ಬೇಡಿಕೆಗೆ ತಕ್ಕಂತೆ ಕರೆಂಟು ಹೊಂದಿಸುವ ಲೋಡ್ ಡಿಸ್ಪ್ಯಾಚಿನವರಿಗೆ ನಿಮ್ಮ ಇರವು ಗೊತ್ತಾಗುತ್ತದೆ.