ದಾವಣಗೆರೆಯಲ್ಲಿದ್ದುಕೊಂಡು ರನ್‌ವೇ ವಿನ್ಯಾಸ ಕಲಿಯಲು ಯಾವ ಸಾಫ್ಟ್‌ವೇರ್ ಕೋರ್ಸ್ ಮಾಡಲಿ?

ನಮ್ಮೂರಲ್ಲಿ ವಿಮಾನ ನಿಲ್ದಾಣವೇ ಇಲ್ಲ, ಪ್ರಾಜೆಕ್ಟಿಗೆ ರನ್‌ವೇ ಪೇವ್‌ಮೆಂಟ್ ತಗೊಂಡಿದ್ದೇನೆ, ರನ್‌ವೇ ದಪ್ಪ ಲೆಕ್ಕ ಹಾಕುವ ಫಾರ್‌ಫೀಲ್ಡ್ ಸಾಫ್ಟ್‌ವೇರ್ ಕಲಿಯಲು ಬೆಂಗಳೂರಿಗೆ ಹೋಗಬೇಕಾ ಎಂದು ಕೇಳಿದ್ದೀರಿ. ಎಂ.ಟೆಕ್ ಮಾಡುವಾಗ ನಾನೂ ಇದನ್ನೇ ಕೇಳಿಕೊಂಡು ಓಡಾಡಿದ್ದೆ. ಹೋಗಬೇಡಿ.

ನನ್ನ ಥೀಸಿಸ್ ಏರ್‌ಬಸ್ ಎ320 ವಿಮಾನ ಇಳಿಯುವಂಥ ರನ್‌ವೇ. ಜಾಗ ಎಂದು ಹಿಡಿದದ್ದು ಜಗಳೂರು ಕಡೆಯ ಒಂದು ಎರೆ ಹೊಲ. ಮಣ್ಣು ತಂದದ್ದು ಏಪ್ರಿಲ್‌ನಲ್ಲಿ. ಆಗ ಎರೆ ಹೇಗಿರುತ್ತದೆ ಎಂದು ನಿಮಗೆ ಹೇಳಬೇಕಿಲ್ಲ. ಬಿರುಕಿನೊಳಗೆ ಕೈ ಇಳಿಯುತ್ತದೆ, ಹಾರೆ ಹಾಕಿದರೆ ಹೆಂಟೆ ಕಲ್ಲಿನಂತೆ ಏಳುತ್ತದೆ. ಲ್ಯಾಬಿನಲ್ಲಿ ಮಣ್ಣು ನೆನೆಸುವ ತೊಟ್ಟಿ ಬೇರೆಯವರ ಮೋಲ್ಡುಗಳಿಂದ ತುಂಬಿತ್ತು. ನೆಲದ ಗಟ್ಟಿತನ ಅಳೆಯುವ ಸಿಬಿಆರ್ ಪರೀಕ್ಷೆಯನ್ನು ನೆನೆಸದೆಯೇ ಮಾಡಿದೆ. 8 ಬಂತು. ಅದನ್ನೇ ಸಾಫ್ಟ್‌ವೇರಿಗೆ ಕೊಟ್ಟೆ, ಅಂದವಾದ ಚಿತ್ರ ಬಂತು, ಬೈಂಡ್ ಮಾಡಿಸಿದೆ.

ಆ 8 ಯಾಕೆ ತಪ್ಪು ಎಂಬುದನ್ನು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನನಗೆ ಯಾರೂ ಹೇಳಲಿಲ್ಲ. ಎರೆಮಣ್ಣಿನಲ್ಲಿರುವ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜದ ಪದರಗಳ ನಡುವೆ ನೀರು ಹೊಕ್ಕರೆ ಮಣ್ಣು ಉಬ್ಬಿ ಮೆತ್ತಗಾಗುತ್ತದೆ. ಒಣಗಿದಾಗ ಉಳಿದ ಚೂರು ನೀರಿನ ಎಳೆತವೇ ಕಣಗಳನ್ನು ಬಿಗಿದು ಹಿಡಿದಿರುತ್ತದೆ. ನಾನು ಅಳೆದದ್ದು ಆ ಬಿಗಿತವನ್ನು. ಆದರೆ ಮೇಲೆ 45 ಮೀಟರ್ ಅಗಲಕ್ಕೆ ಡಾಂಬರು ಹಾಸಿದ ಮೇಲೆ ಆವಿ ಹೋಗಲು ದಾರಿಯಿಲ್ಲ. ಕೆಳಗಿನಿಂದ ತೇವ ಏರಿ ಅಲ್ಲೇ ನಿಲ್ಲುತ್ತದೆ. ನಾನು ಅಳೆದಂಥ ಮಣ್ಣು ರನ್‌ವೇ ಕೆಳಗೆ ಇರುವುದೇ ಇಲ್ಲ. ವೈವಾಕ್ಕೆ ಬಂದ ಪರೀಕ್ಷಕರು ಒಂದೇ ಪ್ರಶ್ನೆ ಕೇಳಿದರು: ‘ತೇವಾಂಶ ಎಷ್ಟಿತ್ತು?’ ಥೀಸಿಸ್ ವಾಪಸ್ ಬಂತು. ಪದವಿ ಮುಗಿಸಿ ಬಂದರೆ ಕೆಲಸ ಎಂದಿದ್ದ ಕನ್ಸಲ್ಟೆನ್ಸಿ ಬೇರೆಯವರನ್ನು ತೆಗೆದುಕೊಂಡಿತು.

ಮಳೆಗಾಲದಲ್ಲಿ ಅದೇ ಹೊಲದ ಮಣ್ಣನ್ನು 96 ಗಂಟೆ ನೆನೆಸಿ ಮಾಡಿದಾಗ ಬಂದದ್ದು 2.

8 ಮತ್ತು 2ರ ನಡುವಿನ ಅಂತರ ಏನೆಂದು ಕೈಲೆಕ್ಕದಲ್ಲೇ ನೋಡಿ. ಎ320 ತೂಕದ ಹೆಚ್ಚುಪಾಲು ನಾಲ್ಕು ಮುಖ್ಯ ಚಕ್ರಗಳ ಮೇಲೆ. ಒಂದಕ್ಕೆ ಸುಮಾರು 18 ಟನ್, ಟೈರ್ ಒತ್ತಡ 1.4 ಮೆಗಾಪ್ಯಾಸ್ಕಲ್ ಆಸುಪಾಸು. ಹೈವೇಯಲ್ಲಿ ಹೋಗುವ ಲಾರಿಯ ನಾಲ್ಕು ಟೈರಿನ ಆಕ್ಸಲ್‌ನಲ್ಲಿ ಒಂದು ಟೈರಿಗೆ 3 ಟನ್ನೂ ಬೀಳುವುದಿಲ್ಲ. ಹಾಗಾಗಿ ಹೈವೇ ಡಾಂಬರಿಗೆಂದು ಇರುವ ಐಆರ್‌ಸಿ 37 ಕೈಪಿಡಿಯ ಲೆಕ್ಕವನ್ನು ಹಿಗ್ಗಿಸಿ ರನ್‌ವೇ ಮಾಡಲು ಹೋಗಬೇಡಿ. ಅಮೆರಿಕದ ಸೇನಾ ಎಂಜಿನಿಯರ್‌ಗಳು ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ರನ್‌ವೇಗೆ ಒಗ್ಗಿಸಿಕೊಂಡ ಸಿಬಿಆರ್ ವಿಧಾನದಲ್ಲಿ ಒಂದೇ ಚಕ್ರ ಎಂದು ಹಿಡಿದರೂ, ಸಿಬಿಆರ್ 8ಕ್ಕೆ ಬೇಕಾದ ದಪ್ಪ ಸುಮಾರು 60 ಸೆಂಟಿಮೀಟರ್, 2ಕ್ಕೆ 124. ಎರಡು ಕಿಲೋಮೀಟರ್ ರನ್‌ವೇಗೆ ಈ ವ್ಯತ್ಯಾಸವೇ 57 ಸಾವಿರ ಘನ ಮೀಟರ್ ದಾಟುತ್ತದೆ. ಅಷ್ಟು ಜಲ್ಲಿ, ಗರಸು ಯಾವ ಕ್ವಾರಿಯಿಂದ ಬರಬೇಕು?

ಕಟ್ಟಿದ ರನ್‌ವೇ ಎಷ್ಟು ಭಾರ ತಾಳುತ್ತದೆ ಎಂಬ ಮೌಲ್ಯಮಾಪನದಲ್ಲೂ ಇದೇ ಕಥೆ. 2024ರ ನವೆಂಬರ್ 28ರಿಂದ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಘಟನೆ ಐಸಿಎಒ ಹಳೆಯ ಎಸಿಎನ್-ಪಿಸಿಎನ್ ಬಿಟ್ಟು ಎಸಿಆರ್-ಪಿಸಿಆರ್ ಜಾರಿಗೆ ತಂದಿದೆ; ಎಸಿಆರ್ ಎಂದರೆ ವಿಮಾನ ಹೇರುವ ಭಾರದ ಅಂಕ, ಪಿಸಿಆರ್ ಎಂದರೆ ರನ್‌ವೇ ತಾಳುವ ಬಲದ ಅಂಕ. ನಿಮ್ಮ ಪಠ್ಯಪುಸ್ತಕದಲ್ಲಿ ಹಳೆಯದೇ ಇದ್ದರೆ ಗೈಡ್‌ಗೆ ತಿಳಿಸಿ. ಅದರಲ್ಲಿ ನೆಲವನ್ನು ಎ, ಬಿ, ಸಿ, ಡಿ ಎಂದು ವಿಂಗಡಿಸುತ್ತಾರೆ. ನೆಲದ ಬಿಗುವು (ಎಲಾಸ್ಟಿಕ್ ಮಾಡ್ಯುಲಸ್) 60 ಮೆಗಾಪ್ಯಾಸ್ಕಲ್‌ಗಿಂತ ಕಡಿಮೆ ಇದ್ದರೆ ಡಿ. ಸಿಬಿಆರ್‌ನ ಸುಮಾರು ಹತ್ತು ಪಟ್ಟು ಎಂದು ಹಿಡಿದರೆ ನನ್ನ ಒಣಮಣ್ಣು 80, ಅಂದರೆ ಸಿ. ನೆನೆದದ್ದು 20, ಡಿ. ಭಾರ ಬೀಳಿಸಿ ನೆಲದ ಬಾಗು ಅಳೆಯುವ ಎಚ್‌ಡಬ್ಲ್ಯುಡಿ ಯಂತ್ರ ಎಷ್ಟೇ ದುಬಾರಿಯಾಗಿರಲಿ, ಅದು ಹೇಳುವುದು ಆ ದಿನದ ನೆಲವನ್ನು. ತೇವ ಏರಿಳಿಯುವ ನೆಲವನ್ನು ಬೇಸಿಗೆಯಲ್ಲಿ ಮಾತ್ರ ಅಳೆದು ಬರೆದ ಪಿಸಿಆರ್ ಅನ್ನು ನಾನು ನಂಬುವುದಿಲ್ಲ.

‘ನಮ್ಮೂರಲ್ಲಿ ಏನೂ ಇಲ್ಲ’ ಎಂಬ ನಿಮ್ಮ ಮಾತನ್ನೂ ಒಪ್ಪುವುದಿಲ್ಲ. ಪಕ್ಕದ ಜಿಲ್ಲೆಯ ಚಳ್ಳಕೆರೆ ಬಳಿಯ ಡಿಆರ್‌ಡಿಒ ರನ್‌ವೇ ಮೇಲೆಯೇ ಇಸ್ರೋದ ರೆಕ್ಕೆಯುಳ್ಳ ಮರುಬಳಕೆ ವಾಹನ ಪುಷ್ಪಕ್ 2024ರ ಜೂನ್ 23ರಂದು ಗಂಟೆಗೆ 320 ಕಿಲೋಮೀಟರ್‌ಗೂ ಹೆಚ್ಚು ವೇಗದಲ್ಲಿ ಇಳಿಯಿತು. ಅಷ್ಟು ವೇಗಕ್ಕೆ ನೆಲ ಗಟ್ಟಿಯಿದ್ದರೆ ಸಾಲದು, ಸಮವಾಗಿಯೂ ಇರಬೇಕು. ಎರೆ ಅದನ್ನೇ ಕೆಡಿಸುವುದು: ರನ್‌ವೇ ನಡುವಿನ ಮಣ್ಣು ತೇವದಲ್ಲಿ ನಿಂತಿದ್ದರೆ, ಅಂಚಿನದು ಬೇಸಿಗೆಗೆ ಕುಗ್ಗಿ ಮಳೆಗೆ ಉಬ್ಬುತ್ತದೆ. ಸುಣ್ಣ ಬೆರೆಸುವುದೋ, ಎರೆ ತೆಗೆದು ಉಬ್ಬದ ಗರಸು ತುಂಬುವುದೋ, ಅಂಚಿನ ಚರಂಡಿ ಎಷ್ಟು ದೂರವಿರಬೇಕೋ, ಇದನ್ನು ಕಲಿಯಲು ದಾವಣಗೆರೆಗಿಂತ ಒಳ್ಳೆಯ ಜಾಗ ಯಾವುದು? ಒಂದು ಕಡೆ ಎರೆ, ಸ್ವಲ್ಪ ದೂರದಲ್ಲಿ ಕೆಂಪು ಮಸಾರಿ, ಭದ್ರಾ ಅಚ್ಚುಕಟ್ಟಿಗೆ ಹೋದರೆ ನಾಲೆ ನೀರು ನಿಲ್ಲುವ ಭತ್ತದ ಗದ್ದೆ.

ಈ ಮೂರೂ ಕಡೆ ಒಂದೊಂದು ಗುಂಡಿ ತೋಡಿಸಿ, ಮೇಲಿನ ಉತ್ತ ಮಣ್ಣು ಬಿಟ್ಟು ಒಂದು ಮೀಟರ್ ಕೆಳಗಿನದನ್ನು ತೆಗೆಯಿರಿ. ತೇವಾಂಶ ಹಾರದಂತೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ. ತೊಟ್ಟಿಯನ್ನು ಈಗಲೇ ನಿಮ್ಮ ಹೆಸರಿಗೆ ಬರೆಸಿಕೊಳ್ಳಿ, ಸೆಮಿಸ್ಟರ್ ಕೊನೆಯಲ್ಲಿ ಸಿಗುವುದಿಲ್ಲ. ಫಾರ್‌ಫೀಲ್ಡ್ ಅನ್ನು ಅಮೆರಿಕದ ವಿಮಾನಯಾನ ಆಡಳಿತ ಎಫ್‌ಎಎಯ ತಾಣ ಉಚಿತವಾಗಿ ಕೊಡುತ್ತದೆ. ಮಣ್ಣು ನೆನೆಯುವ ನಾಲ್ಕು ದಿನದಲ್ಲಿ ಕೂತು ಕಲಿತುಕೊಳ್ಳಬಹುದು.